ಯಡಿಯೂರು ಕೆರೆ ದಂಡೆಯ ಷೇರುಪೇಟೆ

ಯಡಿಯೂರು ಕೆರೆಯ ಸುತ್ತ ಬೆಳಿಗ್ಗೆ ವಾಕಿಂಗ್ ಮಾಡುವವರಲ್ಲಿ ಮೂರು ಪಂಗಡಗಳಿವೆ. ಡಾಕ್ಟರ್ ಹೇಳಿದ್ದಾರೆಂದು ನಡೆಯುವವರು, ಮೊಬೈಲ್‌ನಲ್ಲಿ ಹತ್ತು ಸಾವಿರ ಹೆಜ್ಜೆ ತುಂಬಿಸಲು ನಡೆಯುವವರು, ಮಾತಾಡಲೆಂದೇ ಬರುವವರು. ಮೂರನೆಯ ಪಂಗಡದವರು ಹೆಚ್ಚು ನಡೆಯುವುದಿಲ್ಲ. ಎರಡು ಸುತ್ತು ಮುಗಿಸಿ ಬೆಂಚು ಹಿಡಿದರೆ ಏಳೂವರೆಯವರೆಗೆ ಅಲ್ಲಾಡುವುದಿಲ್ಲ. ನಿನ್ನೆ ಷೇರುಪೇಟೆ ಏನಾಯಿತು, ದೇಶದ ಆರ್ಥಿಕತೆ ಎತ್ತ ಹೊರಟಿದೆ, ಮಳೆ ಬರುತ್ತದೋ ಇಲ್ಲವೋ. ಮಾತು ಎಲ್ಲಿಂದ ಶುರುವಾದರೂ ಈ ಮೂರರಲ್ಲೊಂದಕ್ಕೆ ಬಂದು ನಿಲ್ಲುತ್ತದೆ.

ಬಿ.ಕಾಂ. ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ನನಗೆ ಈ ಬೆಂಚಿನ ಪರಿಚಯವಾದದ್ದು 2023ರ ಬೇಸಿಗೆಯಲ್ಲಿ. ಕೂರುವವರು ಐದು ಮಂದಿ. ಬಿಇಎಲ್‌ನಲ್ಲಿದ್ದ ಒಬ್ಬರು, ಎಲ್‌ಐಸಿಯಲ್ಲಿದ್ದ ಒಬ್ಬರು, ಎಚ್‌ಎಂಟಿಯಿಂದ ವಿಆರ್‌ಎಸ್ ತೆಗೆದುಕೊಂಡವರೊಬ್ಬರು, ಕಾಮರ್ಸ್ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು ಮತ್ತು ಟೆಲಿಫೋನ್ಸ್‌ನಲ್ಲಿದ್ದ ಆಂಟಿ. ಎಲ್ಲರಿಗಿಂತ ಕಡಿಮೆ ಮಾತಾಡುವವರು ಆಂಟಿ. ಎಲ್ಲರಿಗಿಂತ ಹೆಚ್ಚು ಗಳಿಸಿರುವವರೂ ಅವರೇ ಎಂಬುದು ಉಳಿದ ನಾಲ್ವರ ಗುಮಾನಿ.

ಮೊದಮೊದಲು ನನಗೊಂದು ವಿಷಯ ಅರ್ಥವಾಗುತ್ತಿರಲಿಲ್ಲ. ಆರೂವರೆಗೇ ಬಿಇಎಲ್ ಅಂಕಲ್ ಮೊಬೈಲ್‌ನಲ್ಲಿ ಗಿಫ್ಟ್ ನಿಫ್ಟಿ ನೋಡಿ, ‘ಇವತ್ತು ನೂರು ಪಾಯಿಂಟ್ ಕೆಳಗೆ ಓಪನ್ ಆಗುತ್ತೆ ಕಣ್ರೀ’ ಎಂದು ಘೋಷಿಸುತ್ತಾರೆ. ‘ರಾತ್ರಿ ಅಮೆರಿಕ ಬಿದ್ದಿದೆ, ನಾವು ಬೀಳದೆ ಇರೋಕಾಗುತ್ತಾ’ ಎನ್ನುತ್ತಾರೆ ಎಚ್‌ಎಂಟಿ ಅಂಕಲ್. ಅರ್ಧ ಗಂಟೆ ಜೋರು ಚರ್ಚೆ. ಆಮೇಲೆ ಎಲ್ಲರೂ ಮನೆಗೆ ಹೋಗಿ ಸ್ನಾನ, ತಿಂಡಿ. 9.15ಕ್ಕೆ ಪೇಟೆ ತೆರೆದಾಗ ಯಾರೂ ಏನನ್ನೂ ಕೊಳ್ಳುವುದಿಲ್ಲ, ಮಾರುವುದಿಲ್ಲ. ‘ಮತ್ತೆ ಇಷ್ಟೆಲ್ಲ ಯಾಕೆ ಮಾತಾಡ್ತೀರ?’ ಎಂದು ಒಮ್ಮೆ ಕೇಳಿದೆ. ‘ಕ್ರಿಕೆಟ್ ಬಗ್ಗೆ ಮಾತಾಡೋರೆಲ್ಲ ಬ್ಯಾಟ್ ಹಿಡ್ಕೊಂಡು ಹೋಗ್ತಾರೇನಪ್ಪ?’ ಎಂದರು ಮೇಷ್ಟ್ರು.

ಮಳೆಯ ವಿಷಯ ಬಂದಾಗ ಮಾತ್ರ ಈ ಹರಟೆ ಪಾಠವಾಗುತ್ತದೆ. 2023ರ ಆಗಸ್ಟ್‌ನಲ್ಲಿ ದೇಶದಲ್ಲಿ ವಾಡಿಕೆಗಿಂತ ಶೇ 36ರಷ್ಟು ಕಡಿಮೆ ಮಳೆಯಾಯಿತು. 1901ರಿಂದ ಈಚೆಗೆ ಅಷ್ಟು ಒಣ ಆಗಸ್ಟ್ ಬಂದಿರಲಿಲ್ಲ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಅದಕ್ಕೂ ಮೊದಲೇ, ಜುಲೈನಲ್ಲಿ ಟೊಮೆಟೊ ಕೆ.ಜಿ.ಗೆ ನೂರು ರೂಪಾಯಿ ದಾಟಿತ್ತು. ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಏರಿತ್ತು. ಮೇಷ್ಟ್ರು ಬೆಂಚಿನ ಮೇಲೆ ಬೆರಳಿನಿಂದ ಗೆರೆ ಎಳೆಯುತ್ತಾ ವಿವರಿಸಿದರು. ಹಣದುಬ್ಬರದ ಲೆಕ್ಕದಲ್ಲಿ ಆಗ ಆಹಾರ ಪದಾರ್ಥಗಳ ಪಾಲೇ ಹತ್ತಿರ ಹತ್ತಿರ ಶೇ 46. ಮಳೆ ಕೈಕೊಟ್ಟರೆ ತರಕಾರಿ, ಬೇಳೆ ಏರುತ್ತವೆ. ಅವು ಏರಿದರೆ ಹಣದುಬ್ಬರ ರಿಸರ್ವ್ ಬ್ಯಾಂಕಿನ ಶೇ 6ರ ಗೆರೆ ದಾಟುತ್ತದೆ. ಆಗ ಬಡ್ಡಿ ಇಳಿಸುವ ಮಾತೇ ಇಲ್ಲ. ಬಡ್ಡಿ ಇಳಿಯದಿದ್ದರೆ ಮನೆ ಸಾಲದ ಕಂತು ಇಳಿಯುವುದಿಲ್ಲ. ಹಳ್ಳಿಯಲ್ಲಿ ಕೈಯಲ್ಲಿ ಕಾಸಿಲ್ಲದಿದ್ದರೆ ಟ್ರ್ಯಾಕ್ಟರ್, ಬೈಕ್, ಸೋಪು ಮಾರುವ ಕಂಪನಿಗಳ ಲೆಕ್ಕವೂ ಸೊರಗುತ್ತದೆ. ರೆಪೊ ದರ 2023ರ ಫೆಬ್ರುವರಿಯಿಂದ 2025ರ ಫೆಬ್ರುವರಿಯವರೆಗೆ ಶೇ 6.5ರಲ್ಲೇ ಕೂತಿತ್ತಲ್ಲ, ಅದಕ್ಕೆ ಆಹಾರದ ಬೆಲೆಯೂ ಒಂದು ದೊಡ್ಡ ಕಾರಣ. ಕೋಚಿಂಗ್‌ನ ನೋಟ್ಸ್‌ನಲ್ಲಿ ಇದೆಲ್ಲ ಬೇರೆ ಬೇರೆ ಅಧ್ಯಾಯಗಳಲ್ಲಿತ್ತು. ಬೆಂಚಿನ ಮೇಲೆ ಒಂದೇ ಗೆರೆಯಲ್ಲಿ ಬಂತು.

ಇವರ ತಾಳ್ಮೆಯನ್ನು ನಾನು ಮೊದಲು ಬಹಳ ಮೆಚ್ಚಿಕೊಂಡಿದ್ದೆ. ಹಳೆಯ ಕಥೆಗಳನ್ನು ಕೇಳುತ್ತಾ ಹೋದಂತೆ ಅದರಲ್ಲಿ ಅರ್ಧ ಅವರ ಗುಣವಲ್ಲ, ಆಗಿನ ವ್ಯವಸ್ಥೆ ಎನ್ನಿಸಿತು. 1963ರಲ್ಲಿ ಆರಂಭವಾದ ಬೆಂಗಳೂರು ಷೇರು ವಿನಿಮಯ ಕೇಂದ್ರ ಜೆ.ಸಿ. ರಸ್ತೆಯ ಪಕ್ಕದಲ್ಲಿತ್ತು. ಷೇರಿನ ಬೆಲೆ ಗೊತ್ತಾಗುತ್ತಿದ್ದುದು ಮರುದಿನದ ಪತ್ರಿಕೆಯಲ್ಲಿ. ಅದನ್ನು ನೋಡಿ, ರಜೆ ಹಾಕಿ, ಬಸ್ಸು ಹಿಡಿದು ಬ್ರೋಕರ್ ಹತ್ತಿರ ಹೋಗಬೇಕು. ಕೊಂಡ ಷೇರು ಕಾಗದದ ಸರ್ಟಿಫಿಕೇಟ್ ಆಗಿ ಕೈಗೆ ಬರಲು ವಾರಗಳು, ಹೆಸರಿಗೆ ವರ್ಗವಾಗಲು ತಿಂಗಳುಗಳು. ಮಾರಿದವರ ಸಹಿ ಹೊಂದಲಿಲ್ಲವೆಂದು ವಾಪಸ್ ಬಂದರೆ ಮತ್ತೆ ಮೊದಲಿನಿಂದ. ಇಂಥ ಕಾಲದಲ್ಲಿ ದಿನಕ್ಕೆ ನಾಲ್ಕು ಸಲ ಕೊಂಡು ಮಾರುವುದು ಯಾರಿಂದ ಆದೀತು? 1996ರ ಡಿಪಾಸಿಟರಿ ಕಾಯ್ದೆ ಬಂದು ಕಾಗದ ಹೋಯಿತು, ಡಿಮ್ಯಾಟ್ ಬಂತು. ವ್ಯವಹಾರವೆಲ್ಲ ಮುಂಬೈನ ಕಂಪ್ಯೂಟರ್‌ಗಳಿಗೆ ಹೋದ ಮೇಲೆ ಜೆ.ಸಿ. ರಸ್ತೆಯ ಕೇಂದ್ರ 2014ರ ಡಿಸೆಂಬರ್‌ನಲ್ಲಿ ಅಧಿಕೃತವಾಗಿ ಮುಚ್ಚಿತು. ಅಷ್ಟು ಹೊತ್ತಿಗೆ, 2010ರಲ್ಲಿ ಶುರುವಾದ ಝೆರೋಧಾ ನಮ್ಮ ಪಕ್ಕದ ಜೆ.ಪಿ. ನಗರದಲ್ಲೇ ಬೆಳೆಯುತ್ತಿತ್ತು. ಬಸ್ಸು, ರಜೆ, ಸಹಿ ಎಲ್ಲ ಹೋಗಿ ಹೆಬ್ಬೆರಳು ಒಂದೇ ಉಳಿಯಿತು.

ಹಳೆಯ ಕಥೆ ಎಂದಮೇಲೆ ಇನ್ಫೊಸಿಸ್ ಬಿಡುವಂತಿಲ್ಲ. 1993ರಲ್ಲಿ ಆ ಕಂಪನಿ 95 ರೂಪಾಯಿಗೊಂದರಂತೆ ಷೇರು ಬಿಟ್ಟಾಗ ಕೊಳ್ಳುವವರು ಸಾಲದೆ, ಮಾರ್ಗನ್ ಸ್ಟ್ಯಾನ್ಲಿ ಬಂದು ಶೇ 13ರಷ್ಟನ್ನು ತೆಗೆದುಕೊಂಡಿತು. ‘ಆಗ ನಾನೂ ಅರ್ಜಿ ಹಾಕಿದ್ದೆ, ಆಮೇಲೆ ಮಾರಿಬಿಟ್ಟೆ’ ಎನ್ನುವವರು ಜಯನಗರ, ಯಡಿಯೂರಿನಲ್ಲಿ ಎಷ್ಟು ಜನ ಸಿಗುತ್ತಾರೆಂದರೆ, ಅವರೆಲ್ಲ ನಿಜಕ್ಕೂ ಹಾಕಿದ್ದರೆ ಮಾರ್ಗನ್ ಸ್ಟ್ಯಾನ್ಲಿಗೆ ಒಂದು ಷೇರೂ ಉಳಿಯುತ್ತಿರಲಿಲ್ಲ.

2024ರ ಜೂನ್ ಮೊದಲ ವಾರಕ್ಕೆ ಬರುತ್ತೇನೆ. 1ರ ಸಂಜೆ ಲೋಕಸಭಾ ಚುನಾವಣೆಯ ಮತಗಟ್ಟೆ ಸಮೀಕ್ಷೆಗಳು ಬಂದವು. 2ನೇ ತಾರೀಕು ಭಾನುವಾರ ಬೆಂಗಳೂರಿನಲ್ಲಿ 111 ಮಿ.ಮೀ. ಮಳೆ ಸುರಿಯಿತು, ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ 133 ವರ್ಷಗಳಿಂದ ಆಗಿರಲಿಲ್ಲ. ಸೋಮವಾರ ಬೆಳಿಗ್ಗೆ ವಾಕಿಂಗ್ ದಾರಿಯ ತುಂಬ ಮುರಿದ ಕೊಂಬೆಗಳು. ಬೆಂಚು ಒದ್ದೆ. ನಿಂತುಕೊಂಡೇ ಚರ್ಚೆ. ಕೆರೆ ತುಂಬುವ ಸಂತೋಷಕ್ಕಿಂತ ಪೇಟೆ ಏರುವ ಸಂತೋಷ ಹೆಚ್ಚಿತ್ತು. ಅಂದು ಸೆನ್ಸೆಕ್ಸ್ 2,507 ಅಂಶ ಏರಿತು. ಮರುದಿನ ಮತ ಎಣಿಕೆ. ಸಮೀಕ್ಷೆಗಳು ಹೇಳಿದಷ್ಟು ಸ್ಥಾನ ಬರುವುದಿಲ್ಲ ಎಂದು ಗೊತ್ತಾಗುತ್ತಿದ್ದಂತೆ 4,390 ಅಂಶ ಬಿತ್ತು. ಬಿಎಸ್‌ಇಯಲ್ಲಿ ಹೂಡಿಕೆದಾರರ ಸಂಪತ್ತು ಒಂದೇ ದಿನ ಸುಮಾರು 31 ಲಕ್ಷ ಕೋಟಿ ರೂಪಾಯಿ ಕರಗಿತು.

ಬುಧವಾರ ಬೆಳಿಗ್ಗೆ ಎಲ್‌ಐಸಿ ಅಂಕಲ್ ಮುಖ ಸಪ್ಪಗಿತ್ತು. ‘ನಿನ್ನೆ ನಂದು ಮೂರು ಲಕ್ಷ ಹೋಯ್ತು’ ಎಂದರು.

‘ಮಾರಿದ್ರಾ?’ ಆಂಟಿ ಕೇಳಿದರು.

‘ಇಲ್ಲಪ್ಪ.’

‘ಮಾರದೆ ಹೇಗೆ ಹೋಗುತ್ತೆ?’

ಶುಕ್ರವಾರ ಸಂಜೆಗೆ ಸೆನ್ಸೆಕ್ಸ್ 76,693ಕ್ಕೆ ಮುಗಿಯಿತು. ಸೋಮವಾರದ ಮಟ್ಟಕ್ಕಿಂತಲೂ ಮೇಲೆ. ಬೆಂಚಿನ ಐವರೂ ಏನೂ ಮಾಡಿರಲಿಲ್ಲ, ಐವರದೂ ವಾಪಸ್ ಬಂದಿತ್ತು.

ಅದೇ ವಾರ ನನ್ನ ರೂಮ್‌ಮೇಟ್‌ನ 40 ಸಾವಿರ ವಾಪಸ್ ಬರಲಿಲ್ಲ. ಕೋಚಿಂಗ್ ಫೀಸಿಗೆಂದು ಮನೆಯಿಂದ ಬಂದಿದ್ದ ಹಣ. ಸೋಮವಾರ ಮಧ್ಯಾಹ್ನ ಪೇಟೆ ಹಾರುತ್ತಿರುವುದನ್ನು ನೋಡಿ ಅವನು ನಿಫ್ಟಿಯ 23,500ರ ಕಾಲ್ ಆಪ್ಷನ್ ಕೊಂಡಿದ್ದ. ಅಂದರೆ, ಗುರುವಾರ 6ನೇ ತಾರೀಕಿನ ಒಳಗೆ ನಿಫ್ಟಿ ಆ ಮಟ್ಟ ದಾಟಿದರೆ ಲಾಭ, ಇಲ್ಲದಿದ್ದರೆ ಕೊಟ್ಟ ಪ್ರೀಮಿಯಂ ಪೂರ್ತಿ ಹೋಗುತ್ತದೆ. ಸೋಮವಾರ 23,264ರಲ್ಲಿದ್ದ ನಿಫ್ಟಿ ಮಂಗಳವಾರ 21,884ಕ್ಕೆ ಬಂತು, ಗುರುವಾರ 22,821ರಲ್ಲಿತ್ತು. ಅವನ ಆಪ್ಷನ್ ಸೊನ್ನೆಯಾಯಿತು. ಶುಕ್ರವಾರ ನಿಫ್ಟಿ 23,290. ತಿಂಗಳು ಮುಗಿಯುವುದರೊಳಗೆ 23,500 ಏನು, 24,000ವನ್ನೂ ದಾಟಿತು! ‘ನನ್ನ ಲೆಕ್ಕ ಸರಿಯಾಗೇ ಇತ್ತು ಮಗಾ’ ಎಂದು ಅವನು ಈಗಲೂ ಹೇಳುತ್ತಾನೆ. ಸರಿಯಾಗೇ ಇತ್ತು, ಗಡುವು ಮುಗಿದಿತ್ತು. ಮೇಷ್ಟ್ರಿಗೆ ಇದನ್ನು ಹೇಳಿದಾಗ, ‘ಷೇರು ಅಂದ್ರೆ ಅಕ್ಕಿ ಮೂಟೆ, ಆಪ್ಷನ್ ಅಂದ್ರೆ ಐಸ್ ಕ್ಯಾಂಡಿ. ಕೈಯಲ್ಲಿ ಹಿಡ್ಕೊಂಡು ಕಾಯೋಕಾಗಲ್ಲ’ ಎಂದರು.

ಅವನೊಬ್ಬನ ಕಥೆಯಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದಕ್ಕೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಹಿವಾಟು ನಡೆಸಿದ ಒಂದು ಕೋಟಿಗೂ ಹೆಚ್ಚು ಸಾಮಾನ್ಯ ಜನರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ತಲಾ ಸರಾಸರಿ ನಷ್ಟ ಸುಮಾರು 2 ಲಕ್ಷ ರೂಪಾಯಿ, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಾನು ಎರಡೆರಡು ಸಲ ಓದಿದ ಸಾಲು ಬೇರೆ. ಈ ವಹಿವಾಟು ಮಾಡುವವರಲ್ಲಿ 30 ವರ್ಷದೊಳಗಿನವರ ಪಾಲು ಒಂದೇ ವರ್ಷದಲ್ಲಿ ಶೇ 31ರಿಂದ ಶೇ 43ಕ್ಕೆ ಏರಿತ್ತು. ಮುಕ್ಕಾಲು ಭಾಗ ಮಂದಿಯ ವಾರ್ಷಿಕ ಆದಾಯ 5 ಲಕ್ಷ ರೂಪಾಯಿಗಿಂತ ಕಡಿಮೆ ಇತ್ತು. ಆ ನವೆಂಬರ್‌ನಿಂದ ಸೆಬಿ ಒಂದು ಕಾಂಟ್ರ್ಯಾಕ್ಟ್‌ನ ಕನಿಷ್ಠ ಮೌಲ್ಯವನ್ನು 15 ಲಕ್ಷ ರೂಪಾಯಿಗೆ ಏರಿಸಿತು, ವಾರದ ಗಡುವಿನ ಆಪ್ಷನ್‌ಗಳನ್ನು ಒಂದು ವಿನಿಮಯ ಕೇಂದ್ರಕ್ಕೆ ಒಂದೇ ಸೂಚ್ಯಂಕ ಎಂದು ಮಿತಗೊಳಿಸಿತು. ಆದರೂ 2024–25ರಲ್ಲಿ ಶೇ 91ರಷ್ಟು ಮಂದಿಗೆ ನಷ್ಟವೇ.

ರೂಮ್‌ಮೇಟ್‌ನ ವಿಷಯ ಬೆಂಚಿನ ಮೇಲೆ ಬಂದಾಗ ಅಂಕಲ್‌ಗಳು ಸರದಿಯಂತೆ ತಾಳ್ಮೆಯ ಉಪದೇಶ ಶುರು ಮಾಡಿದರು. ಆಂಟಿಗೆ ಅದು ಹಿಡಿಸಲಿಲ್ಲ. ‘ಒಂದನೇ ತಾರೀಕು ಪೆನ್ಷನ್ ಬರೋರಿಗೆ ತಾಳ್ಮೆ ತಾನಾಗೇ ಇರುತ್ತೆ ರೀ. ಪಿಜಿ ಬಾಡಿಗೆ ಕಟ್ಟಬೇಕಾದ ಹುಡುಗನಿಗೆ ಎಲ್ಲಿಂದ ಬರಬೇಕು?’ ಎಂದರು. ಎಚ್‌ಎಂಟಿ ಅಂಕಲ್ ತಲೆಯಾಡಿಸಿದ್ದು ನನ್ನ ಕಣ್ಣಿಗೆ ಬಿತ್ತು. ಬೆಂಚಿನ ಮೇಲೆ ದಿನದ ಏರಿಳಿತಕ್ಕೆ ನಿಜವಾಗಿ ಕಂಗಾಲಾಗುವವರು ಅವರೊಬ್ಬರೇ. ಇಪಿಎಸ್‌ನಿಂದ ಅವರಿಗೆ ತಿಂಗಳಿಗೆ ಬರುವುದು ಮೂರು ಸಾವಿರಕ್ಕಿಂತ ಕಡಿಮೆ. ಉಳಿತಾಯದ ಒಂದು ಭಾಗ ಇದ್ದ ಸಹಕಾರಿ ಬ್ಯಾಂಕ್‌ನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. ಠೇವಣಿ ವಿಮೆ 1 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿದ್ದು ಅದರ ಮುಂದಿನ ತಿಂಗಳು. ಅಂದರೆ ಷೇರುಪೇಟೆಯಲ್ಲಿ ಕಾಯುವ ಶಕ್ತಿ ವಯಸ್ಸಿನಿಂದ ಬರುವುದಿಲ್ಲ, ಬೇರೆ ಕಡೆಯಿಂದ ಬರುವ ಸಂಬಳದಿಂದ ಬರುತ್ತದೆ. ನನಗಂತೂ ಇನ್ನೂ ಸಂಬಳವಿಲ್ಲ. ಆದ್ದರಿಂದ ಬೆಂಚಿನ ಮಾತು ನನಗೆ ಸದ್ಯ ಕರೆಂಟ್ ಅಫೇರ್ಸ್ ಅಷ್ಟೆ. ಡಿಮ್ಯಾಟ್ ಖಾತೆ ತೆರೆದಿಲ್ಲ.

ವಿಚಿತ್ರವೆಂದರೆ, ಷೇರುಪೇಟೆಯಿಂದ ನನ್ನ ಮೊದಲ ಗಳಿಕೆ ಬಂದದ್ದು ಒಂದು ಟ್ರಂಕಿನಿಂದ. ಆಂಟಿಯ ಮನೆಯಲ್ಲಿ ಅವರ ಯಜಮಾನರ ಕಾಲದ ಕಾಗದದ ಷೇರು ಸರ್ಟಿಫಿಕೇಟ್‌ಗಳಿದ್ದವು. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಬೇರೆಯವರ ಹೆಸರಿಗೆ ಮಾರುವಂತಿಲ್ಲ, ಡಿಮ್ಯಾಟ್ ಮಾಡಿಸಲೇಬೇಕು. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದಿದ್ದರೆ ಷೇರುಗಳೇ ಐಇಪಿಎಫ್ ಎಂಬ ಸರ್ಕಾರಿ ನಿಧಿಗೆ ಹೋಗುತ್ತವೆ. ವಾಪಸ್ ಪಡೆಯಲು ದಾರಿ ಇದೆ, ಉದ್ದದ ದಾರಿ. ಕಂಪನಿಗೆ ಬರೆದು ಹಕ್ಕಿನ ಪತ್ರ ತರಿಸಿಕೊಳ್ಳಬೇಕು, ಆನ್‌ಲೈನ್‌ನಲ್ಲಿ ಐಇಪಿಎಫ್-5 ಅರ್ಜಿ ತುಂಬಬೇಕು, ಮೂಲ ಕಾಗದಗಳನ್ನು ಕಂಪನಿಗೆ ಕಳಿಸಬೇಕು. ಹೆಸರಿನ ಒಂದು ಇನಿಶಿಯಲ್ ಆಧಾರ್‌ಗೆ ಹೊಂದದಿದ್ದರೆ ಅಫಿಡವಿಟ್. ಹಳೆಯ ಕಂಪನಿ ಬೇರೆ ಕಂಪನಿಯಲ್ಲಿ ವಿಲೀನವಾಗಿದ್ದರೆ ಅದು ಯಾವುದೆಂದು ಹುಡುಕಬೇಕು. ಬಿ.ಕಾಂ.ನಲ್ಲಿ ಓದಿದ ಕಂಪನಿ ಕಾಯ್ದೆ ನನಗೆ ಮೊದಲ ಸಲ ಉಪಯೋಗಕ್ಕೆ ಬಂತು. ಕೆಲಸ ಮುಗಿಯಲು ಹತ್ತು ತಿಂಗಳು ಹಿಡಿಯಿತು. ಆಂಟಿ ಬೇಡವೆಂದರೂ ಕೇಳದೆ 2,000 ರೂಪಾಯಿ ಕೊಟ್ಟರು, ಜೊತೆಗೆ ಬೆಂಚಿನ ಮೇಲೆ ಎಲ್ಲರಿಗೂ ಕೇಳಿಸುವಂತೆ ಹೇಳಿದರು.

ಆಮೇಲೆ ಎಚ್‌ಎಂಟಿ ಅಂಕಲ್‌ರ ಫೈಲು ಬಂತು. ಅದರಲ್ಲಿದ್ದ ನಾಲ್ಕು ಕಂಪನಿಗಳಲ್ಲಿ ಎರಡು ಎಂದೋ ಬಾಗಿಲು ಹಾಕಿವೆ. ಒಂದರ ಸರ್ಟಿಫಿಕೇಟ್ ತುಂಬ ಚೆನ್ನಾಗಿದೆ, ಅಂಚಿನಲ್ಲಿ ಬಳ್ಳಿಯ ಚಿತ್ರ, ಕೆಳಗೆ ಕೈಬರಹದ ಸಹಿ. ಅದನ್ನು ಫ್ರೇಮ್ ಹಾಕಿಸುತ್ತಾರಂತೆ. ಉಳಿದೆರಡರಲ್ಲಿ ಒಂದರ ಹಕ್ಕಿನ ಪತ್ರ ಕಳೆದ ವಾರ ಬಂದಿದೆ. ಈ ಭಾನುವಾರ ಎಲ್‌ಐಸಿ ಅಂಕಲ್ ಮನೆಯ ಅಟ್ಟ ಹತ್ತಬೇಕು. ಮಳೆಗೆ ಸೋರಿ ಪೆಟ್ಟಿಗೆ ನೆಂದಿದೆ, ಬಿಸಿಲು ಬಂದ ದಿನವೇ ಬಾ ಎಂದಿದ್ದಾರೆ.