ಕದಿರಿಲ್ಲದ ಕಣ್ಣು

ಪುಣೆಯ ಶನಿವಾರವಾಡೆಯ ಮುಂದೆ ಕಾಳಿಗೆ ಮುತ್ತುವ ಪಾರಿವಾಳಗಳ ನಡಿಗೆಯನ್ನು ಗಮನಿಸಿ. ಹೆಜ್ಜೆಗೊಮ್ಮೆ ತಲೆ ಮುಂದಕ್ಕೆ ಚಿಮ್ಮಿ ಅಲ್ಲೇ ನಿಲ್ಲುತ್ತದೆ. ಹಿಂದುಳಿದ ದೇಹ ಸಾಗಿ ಬಂದು ಅದನ್ನು ಕೂಡಿಕೊಳ್ಳುತ್ತದೆ. ತಲೆ ನಿಂತ ಆ ಕ್ಷಣದಲ್ಲಿ ಹಕ್ಕಿಗೆ ಸುತ್ತಲ ನೋಟ ಕದಡದೆ ಸಿಗುತ್ತದೆ. 1978ರಲ್ಲಿ ಪಾರಿವಾಳಗಳನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿದರು. ಕಾಲು ಆಡುತ್ತಿದ್ದರೂ ಸುತ್ತಲ ದೃಶ್ಯ ಸರಿಯಲಿಲ್ಲ, ತಲೆಯೂ ಕುಣಿಯಲಿಲ್ಲ. ತಲೆ ಆಡಿಸುವುದು ಕಾಲಿನ ಚಾಳಿಯಲ್ಲ, ಕಣ್ಣಿನ ಅಗತ್ಯ.

ಕಣ್ಣುಗುಡ್ಡೆ ತಾನೂ ಗೂಡಿನೊಳಗೆ ತಿರುಗುತ್ತದೆ. ನಮ್ಮಂತೆಯೇ ಹಕ್ಕಿಗೂ ಅದನ್ನು ಎಳೆದಾಡಲು ಆರು ಸ್ನಾಯುಗಳಿವೆ. ತೊಡಕು ಇರುವುದು ಇಲ್ಲಿ. ಕಾಳಿನ ಬಿಂಬ ಅಕ್ಷಿಪಟದ ಯಾವ ಜಾಗದಲ್ಲಿ ಬಿತ್ತು ಎಂದಷ್ಟೇ ತಿಳಿದರೆ ಕಾಳು ನೆಲದಲ್ಲಿ ಎಲ್ಲಿದೆ ಎಂದು ತಿಳಿಯದು. ಆ ಹೊತ್ತಿಗೆ ಕಣ್ಣು ಎತ್ತ ತಿರುಗಿತ್ತು ಎನ್ನುವುದೂ ಮಿದುಳಿಗೆ ಗೊತ್ತಿರಬೇಕು. ಅದನ್ನು ಹೇಳುವವರು ಯಾರು?

ಒಂದು ಕಣ್ಣು ಮುಚ್ಚಿ, ಇನ್ನೊಂದರ ರೆಪ್ಪೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಒತ್ತಿ. ಎದುರಿನ ಗೋಡೆಯೇ ಅಲುಗಿದಂತೆ ಕಾಣುತ್ತದೆ. ನೀವಾಗಿ ಕಣ್ಣು ತಿರುಗಿಸಿದರೆ ಗೋಡೆ ಅಲುಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಇಂಥ ಅನುಭವಗಳಿಂದ ಒಂದು ತೀರ್ಮಾನಕ್ಕೆ ಬಂದರು: ಮಿದುಳು ತಾನು ಸ್ನಾಯುಗಳಿಗೆ ಕೊಟ್ಟ ಆಜ್ಞೆಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ, ಸ್ನಾಯು ಮರಳಿ ವರದಿ ಒಪ್ಪಿಸಬೇಕಾಗಿಲ್ಲ. ಇಂಗ್ಲೆಂಡಿನ ಶೆರಿಂಗ್ಟನ್ ಇದನ್ನು ಒಪ್ಪಲಿಲ್ಲ. ಕಣ್ಣಿನ ಸ್ನಾಯುಗಳಿಂದಲೂ ಮಿದುಳಿಗೆ ಸುದ್ದಿ ಹೋಗುತ್ತದೆ ಎಂಬುದು ಅವರ ವಾದ.

ಕೈಕಾಲಿನ ಸ್ನಾಯುಗಳಲ್ಲಿ ಸುದ್ದಿ ಕಳಿಸುವ ಅಂಗ ಇದೆ. ತೆಳುವಾದ ಕೆಲವು ನಾರುಗಳು, ಅವುಗಳ ಮೇಲೆ ಸುತ್ತಿಕೊಂಡ ನರದ ತುದಿ, ಸುತ್ತ ಒಂದು ಪೊರೆ. ನಡುವೆ ಉಬ್ಬಿ ತುದಿಗಳಲ್ಲಿ ಸಣ್ಣಗಾಗುವ ಇದನ್ನು ಸ್ನಾಯುಗದಿರು ಎನ್ನಬಹುದು. ಸ್ನಾಯು ಹಿಗ್ಗಿದಾಗ ನರ ಮಿಡಿಯುತ್ತದೆ. ಕತ್ತಲಲ್ಲೂ ನಮ್ಮ ಕೈ ಎಲ್ಲಿದೆಯೆಂದು ನಮಗೆ ತಿಳಿಯುವುದರಲ್ಲಿ ಇದರ ಪಾಲು ದೊಡ್ಡದು. 1949ರಲ್ಲಿ ಮನುಷ್ಯರ ಕಣ್ಣಿನ ಸ್ನಾಯುಗಳಲ್ಲೂ ಕದಿರುಗಳಿರುವುದನ್ನು ಕೂಪರ್ ಮತ್ತು ಡೇನಿಯಲ್ ಎಂಬ ಸಂಶೋಧಕರು ವಿವರಿಸಿದರು. ಮುಂದೆ ಅವರು ಡೇವಿಡ್ ವಿಟ್ಟರಿಜ್ ಜೊತೆಗೂಡಿ ಮೇಕೆಯ ಕಣ್ಣಿನ ಸ್ನಾಯುವನ್ನು ಎಳೆದು, ಅಲ್ಲಿಂದ ಹೊರಟ ನರಸಂಕೇತಗಳನ್ನು ದಾಖಲಿಸಿದರು. 

ಆದರೆ ಮೇಕೆಯಲ್ಲಿ, ಕುರಿಯಲ್ಲಿ ಹೇರಳವಾಗಿರುವ ಕದಿರು ಬೆಕ್ಕಿನ ಕಣ್ಣಿನ ಸ್ನಾಯುಗಳಲ್ಲಿ ಇಲ್ಲ. ಬೇಟೆಯನ್ನು ಕಣ್ಣಳತೆಯಲ್ಲೇ ಹಿಡಿಯುವ ಬೆಕ್ಕಿಗೆ ಇಲ್ಲದೆ, ಸೊಪ್ಪು ಮೇಯುವ ಮೇಕೆಗೆ ಏಕೆ? ಹಕ್ಕಿಗಳ ಕಾಲಿನ ಸ್ನಾಯುಗಳಲ್ಲಿ ಕದಿರು ಉಂಟು, ಕಣ್ಣಿನ ಸ್ನಾಯುಗಳಲ್ಲಿ ಹುಡುಕಿದವರಿಗೆ ಸಿಗಲಿಲ್ಲ. ಹಾಗಾದರೆ ಹಕ್ಕಿಯ ಕಣ್ಣಿನ ಸ್ನಾಯು ಮೂಕವೇ?

ಅಲ್ಲ ಎಂದು ತೋರಿಸಿದ್ದು ಪಾರಿವಾಳವೇ. 1990ರ ಆಸುಪಾಸಿನಲ್ಲಿ ಎಡಿನ್‌ಬರೋದ ಇಯನ್ ಡೊನಾಲ್ಡ್‌ಸನ್ ಮತ್ತು ಪಾಲ್ ನಾಕ್ಸ್ ಪಾರಿವಾಳವನ್ನು ತಿರುಗಿಸುತ್ತಾ ಅದರ ಒಂದು ಕಣ್ಣನ್ನು ಹೊರಗಿನಿಂದ ಸರಿಸಿ ನೋಡಿದರು. ದೇಹ ತಿರುಗಿದಾಗ ನೋಟ ಕದಲದಂತೆ ಕಣ್ಣು ಎದುರು ದಿಕ್ಕಿಗೆ ಹೊರಳುವುದು ಕಿವಿಯೊಳಗಿನ ಸಮತೋಲನ ಅಂಗ ನಡೆಸುವ ಪ್ರತಿಕ್ರಿಯೆ. ಕಣ್ಣನ್ನು ಹೊರಗಿನಿಂದ ಸರಿಸಿದೊಡನೆ ಆ ಪ್ರತಿಕ್ರಿಯೆಯೇ ಬದಲಾಯಿತು. 1995ರಲ್ಲಿ ಸ್ನಾಯುವಿನ ಸುದ್ದಿ ಒಯ್ಯುವ ನರವನ್ನು ಕಡಿದಾಗ ಹಕ್ಕಿಯ ಕಣ್ಣಿನ ಚಲನೆ ಹದಗೆಟ್ಟಿತು. ಕದಿರು ಇಲ್ಲದಿದ್ದರೂ ವರದಿ ಹೋಗುತ್ತಿತ್ತು, ಮಿದುಳು ಅದನ್ನು ಬಳಸುತ್ತಲೂ ಇತ್ತು. ಪರಿಚಿತ ಆಕಾರದ ಅಂಗ ಕಾಣದಿದ್ದರೆ ಆ ಅರಿವೇ ಇಲ್ಲ ಎಂದು ಬಗೆಯುವುದು ಆತುರದ ಮಾತು. ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಈ ಪ್ರಯೋಗಗಳೇ.

ಕಣ್ಣು ಎತ್ತ ತಿರುಗಿದೆ ಎಂದು ಅರಿಯುವ ತೊಡಕಿಗೆ ಪುಣೆಯ ಇನ್ನೊಂದು ಹಕ್ಕಿ ಬೇರೆ ದಾರಿ ಹಿಡಿದಿದೆ. ಬುಡುಬುಡಿಕೆಯವರು ಹಾಲಕ್ಕಿ ಎಂದೂ ಮರಾಠಿಗರು ಪಿಂಗಳಾ ಎಂದೂ ಕರೆಯುವ ಸಣ್ಣ ಗೂಬೆ ಅದು. ಗೂಬೆಯ ಕಣ್ಣು ಗುಂಡಗಿಲ್ಲ, ಕೊಳವೆಯಂತೆ ಉದ್ದ. ಗೂಡಿನಲ್ಲಿ ಅದು ತಿರುಗುವುದು ಇಲ್ಲವೆನ್ನುವಷ್ಟು ಕಡಿಮೆ. ಅದರ ಬದಲು ಹದಿನಾಲ್ಕು ಮಣಿಗಳ ಕತ್ತು ಸುಮಾರು 270 ಡಿಗ್ರಿ ತಿರುಗುತ್ತದೆ. ಕತ್ತು ಎತ್ತ ತಿರುಗಿದೆಯೋ ಕಣ್ಣೂ ಅತ್ತಲೇ, ಲೆಕ್ಕ ಸುಲಭ. ಗೂಬೆಗಳ ಬಗ್ಗೆ ಜನರ ಭಯ ಕಳೆಯಲು ಪುಣೆಯ ಇಳಾ ಫೌಂಡೇಶನ್ 2018ರಲ್ಲಿ ಪುರಂದರ ತಾಲ್ಲೂಕಿನ ಪಿಂಗೋರಿಯಲ್ಲಿ ಗೂಬೆ ಹಬ್ಬವನ್ನೇ ನಡೆಸಿತು. ಅಪಶಕುನವೆಂದು ಜನ ಹೆದರುವ ಆ ದಿಟ್ಟ ನೋಟದ ಹಿಂದೆ ಇರುವುದು ಕಣ್ಣು ಹೊರಳಿಸಲಾಗದ ದೇಹರಚನೆ ಮಾತ್ರ.

ಕಣ್ಣು ಹೊರಳಿಸುವ ಪ್ರಾಣಿಗಳಿಗೆ ಮರಳಿದರೆ, ಬೆಕ್ಕಿನಲ್ಲಿ, ಕೋತಿಯಲ್ಲಿ, ಮನುಷ್ಯರಲ್ಲಿ ಕಣ್ಣಿನ ಸ್ನಾಯು ಸ್ನಾಯುರಜ್ಜುವಿಗೆ ಸೇರುವ ಕಡೆ ಬೇಲಿಯ ಗೂಟಗಳಂತೆ ಸಾಲಾಗಿ ನಿಂತ ನರತುದಿಗಳಿವೆ. ರಷ್ಯದ ಡೋಗಿಯೆಲ್ 1906ರಲ್ಲೇ ಅವನ್ನು ವರ್ಣಿಸಿದ್ದರು. ಅವು ಸುದ್ದಿ ಕಳಿಸುತ್ತವೆಯೋ ಆಜ್ಞೆ ತರುತ್ತವೆಯೋ ಎಂಬ ಜಗಳ ಇಂದಿಗೂ ಮುಗಿದಿಲ್ಲ. ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಬಿಚ್ಚಿ ಹೊಲಿಯುವುದು ಸ್ನಾಯುವಿನ ಇದೇ ತುದಿಯನ್ನು. ಚಿಕಿತ್ಸೆಯ ನಂತರ ಎದುರಿನ ವಸ್ತುವಿನತ್ತ ಕೈ ತೋರಿಸಲು ರೋಗಿಗಳಿಗೆ ಹೇಳಿದ ಅಧ್ಯಯನವೊಂದು 1981ರಲ್ಲಿ ಪ್ರಕಟವಾಯಿತು. ಮೊದಲ ಸಲ ಶಸ್ತ್ರಚಿಕಿತ್ಸೆಯಾದವರು ಕಣ್ಣಿನ ಹೊಸ ನೆಲೆಯನ್ನು ಅರಿತಂತೆ ಗುರಿ ತೋರಿಸಿದರು. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆಯಾಗಿದ್ದವರಲ್ಲಿ ಆ ಅರಿವು ಬಹಳ ಕಡಿಮೆಯಾಗಿತ್ತು.