ಕೋಡ್ ಎಡಿಟರ್‌ಗೆ ದುಡ್ಡು ಕೊಡಬೇಕೆ?

ಪ್ರೋಗ್ರಾಮಿಂಗ್ ಕಲಿಯಲು ಕೂತವರಿಗೆ ಮೊದಲ ವಾರದಲ್ಲೇ ಎದುರಾಗುವ ಪ್ರಶ್ನೆ ಇದು. ಸಬ್ಲೈಮ್ ಟೆಕ್ಸ್ಟ್ ಎಂಬ ಎಡಿಟರ್‌ನ ವೈಯಕ್ತಿಕ ಪರವಾನಗಿಗೆ 99 ಡಾಲರ್, ನಮ್ಮ ಲೆಕ್ಕದಲ್ಲಿ ಎಂಟು ಸಾವಿರ ರೂಪಾಯಿಗೂ ಮೇಲೆ. ಬಿಸಿಎ ಓದುವ ಹುಡುಗಿಯೊಬ್ಬಳಿಗೆ ಅದು ಸಣ್ಣ ಮೊತ್ತವಲ್ಲ. ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಆದರೋ ಒಂದು ಪೈಸೆಯನ್ನೂ ಕೇಳುವುದಿಲ್ಲ. ಹಾಗಿದ್ದ ಮೇಲೆ ಯೋಚಿಸುವುದೇನಿದೆ ಎನಿಸಬಹುದು. ಇದೆ. ಎಡಿಟರ್ ಎನ್ನುವುದು ದಿನಕ್ಕೆ ಹಲವು ಗಂಟೆಯಂತೆ ವರ್ಷಗಟ್ಟಲೆ ಕೈಯಲ್ಲಿರುವ ಸಲಕರಣೆ. ಬೆಲೆ ಎಷ್ಟೆಂದು ನೋಡುವ ಮೊದಲು, ಇದನ್ನು ಮಾಡಿದವರು ನಾಳೆ ಕೈಬಿಟ್ಟರೆ ನನ್ನ ಬಳಿ ಉಳಿಯುವುದೇನು ಎಂದು ಕೇಳಿಕೊಳ್ಳಬೇಕು. ಆಯ್ಕೆಗೆ ದಾರಿ ತೋರುವ ಪ್ರಶ್ನೆ ಅದೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಸಮಾಧಾನದ ಮಾತೊಂದು. ನಾವು ಬರೆಯುವ ಪ್ರೋಗ್ರಾಮ್ ಸಾದಾ ಪಠ್ಯದ ಫೈಲ್. ಫೋಟೊ ತಿದ್ದುವ, ಕಟ್ಟಡದ ನಕ್ಷೆ ಬಿಡಿಸುವ ಎಷ್ಟೋ ತಂತ್ರಾಂಶಗಳಲ್ಲಿ ಮಾಡಿದ ಕೆಲಸ ಆಯಾ ಕಂಪನಿಯದೇ ಆದ ಫೈಲ್ ರೂಪದಲ್ಲಿ ಕೂತುಬಿಡುತ್ತದೆ. ಪರವಾನಗಿಯ ಅವಧಿ ಮುಗಿದರೆ ನಮ್ಮದೇ ಕೆಲಸವನ್ನು ತೆರೆಯಲು ಒದ್ದಾಡಬೇಕಾಗುತ್ತದೆ. ಕೋಡ್‌ಗೆ ಆ ಭಯವಿಲ್ಲ. ಇವತ್ತು ಸಬ್ಲೈಮ್‌ನಲ್ಲಿ ಬರೆದ ಪೈಥಾನ್ ಫೈಲನ್ನು ನಾಳೆ ವಿಮ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ತೆರೆದರೆ ಒಂದಕ್ಷರವೂ ಆಚೀಚೆ ಆಗಿರುವುದಿಲ್ಲ. ಎಡಿಟರ್ ಬದಲಿಸಿದಾಗ ಕಳೆದುಹೋಗುವುದು ಬೆರಳಿನ ರೂಢಿ, ಹೊಂದಿಸಿಕೊಂಡ ಶಾರ್ಟ್‌ಕಟ್‌ಗಳು, ಒಂದೊಂದಾಗಿ ಆರಿಸಿ ಹಾಕಿಕೊಂಡ ಎಕ್ಸ್‌ಟೆನ್ಶನ್‌ಗಳು. ಎಡಿಟರ್‌ಗೆ ನಾವು ಹೂಡುವ ದೊಡ್ಡ ಬಂಡವಾಳ ಈ ರೂಢಿಯೇ. ಎಂಟು ಸಾವಿರ ಅದರ ಮುಂದೆ ಚಿಕ್ಕದು.

ಆ ಬಂಡವಾಳ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಹಳೆಯದು. 1976ರಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್ಮನ್, ಗೈ ಸ್ಟೀಲ್ ಮೊದಲಾದವರು ಎಮ್ಯಾಕ್ಸ್ ಎಂಬ ಎಡಿಟರ್ ಕಟ್ಟಿದರು. 1981ರಲ್ಲಿ ಜೇಮ್ಸ್ ಗಾಸ್ಲಿಂಗ್, ಮುಂದೆ ಜಾವಾ ಭಾಷೆಯನ್ನು ರೂಪಿಸಿದವರು ಇವರೇ, ಯುನಿಕ್ಸ್‌ಗೆಂದು ಸಿ ಭಾಷೆಯಲ್ಲಿ ಇನ್ನೊಂದು ಎಮ್ಯಾಕ್ಸ್ ಬರೆದು ಹಂಚಿದರು. ಆಮೇಲೆ ಅದರ ಹಕ್ಕನ್ನು ಯುನಿಪ್ರೆಸ್ ಎಂಬ ಕಂಪನಿಗೆ ಮಾರಿದರು. ಸ್ಟಾಲ್ಮನ್ ತಮ್ಮ ಜಿಎನ್‌ಯು ಎಮ್ಯಾಕ್ಸ್‌ನ ಆರಂಭದಲ್ಲಿ ಗಾಸ್ಲಿಂಗ್‌ ಅವರ ಕೋಡಿನ ಕೆಲವು ಭಾಗಗಳನ್ನು ಬಳಸಿದ್ದರು. ಯುನಿಪ್ರೆಸ್ ತಕರಾರು ತೆಗೆದದ್ದರಿಂದ 1985ರಲ್ಲಿ ಅವನ್ನು ಕಿತ್ತುಹಾಕಿ ಹೊಸದಾಗಿ ಬರೆಯಬೇಕಾಯಿತು. ಎಲ್ಲರಿಗೂ ಸಿಗುತ್ತಿದ್ದ ಕೋಡ್ ಒಂದು ಮಾರಾಟದೊಂದಿಗೆ ಕೈತಪ್ಪಿ ಹೋಗಬಹುದು ಎಂಬುದು ಅಲ್ಲಿ ಕಣ್ಣಿಗೆ ಕಂಡ ಪಾಠ. 1989ರಲ್ಲಿ ಬಂದ ಜಿಪಿಎಲ್ ಪರವಾನಗಿಯ ಹಿಂದೆ ಈ ಅನುಭವವೂ ಇದೆ: ಸೋರ್ಸ್ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವಾಗ ಮುಂದಿನವರಿಗೂ ಅದೇ ಹಕ್ಕನ್ನು ಕೊಡಬೇಕು. ಇದೇ ಸ್ಟಾಲ್ಮನ್ ಆ ದಿನಗಳಲ್ಲಿ ಎಮ್ಯಾಕ್ಸ್ ತುಂಬಿದ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು ಎಂಬುದನ್ನೂ ನೆನಪಿಡಬೇಕು. ಹಣ ಪಡೆಯುವುದಕ್ಕೂ ಸೋರ್ಸ್ ಕೋಡ್ ತೆರೆದಿಡುವುದಕ್ಕೂ ಜಗಳವಿಲ್ಲ.

ಸೋರ್ಸ್ ತೆರೆದಿದ್ದ ಮಾತ್ರಕ್ಕೆ ಎಡಿಟರ್ ಬಾಳುತ್ತದೆಯೇ? ಆಟಮ್‌ನ ಕಥೆ ನೋಡಿ. ಗಿಟ್‌ಹಬ್ ಕಂಪನಿ 2014ರಲ್ಲಿ ಹೊರತಂದ ಈ ಉಚಿತ ಎಡಿಟರ್ ಬಲು ಬೇಗ ಜನಪ್ರಿಯವಾಯಿತು. ಬ್ರೌಸರಿನ ತಂತ್ರಜ್ಞಾನದಿಂದಲೇ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಎಲೆಕ್ಟ್ರಾನ್ ಎಂಬ ಚೌಕಟ್ಟು ಹುಟ್ಟಿದ್ದು ಆಟಮ್‌ಗಾಗಿಯೇ. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಗಿಟ್‌ಹಬ್ ಅನ್ನು ಕೊಂಡಿತು. ಒಂದೇ ಮನೆಯಲ್ಲಿ ಎರಡು ಎಡಿಟರ್ ಆದವು, ಅದರಲ್ಲೂ ವಿಎಸ್ ಕೋಡ್ ಎಲೆಕ್ಟ್ರಾನ್ ಮೇಲೆಯೇ ನಿಂತದ್ದು. 2022ರ ಜೂನ್‌ನಲ್ಲಿ ಆಟಮ್ ನಿಲ್ಲಿಸುವ ಘೋಷಣೆ ಬಂತು, ಅದೇ ಡಿಸೆಂಬರ್ 15ಕ್ಕೆ ಬಾಗಿಲು ಹಾಕಿತು. ಸೋರ್ಸ್ ತೆರೆದಿದ್ದರಿಂದ ಬಳಕೆದಾರರೇ ಕೆಲವರು ಅದನ್ನು ಎತ್ತಿಕೊಂಡು ಪಲ್ಸಾರ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. ಆಟಮ್ ಕಟ್ಟಿದವರಲ್ಲಿ ಕೆಲವರು ಜೆಡ್ ಎಂಬ ಹೊಸ ಎಡಿಟರ್ ಮಾಡಿದರು. 2024ರ ಜನವರಿಯಲ್ಲಿ ಅದರ ಸೋರ್ಸನ್ನೂ ತೆರೆದರು.

ದುಡ್ಡು ಕೊಟ್ಟವರ ಪಾಡೂ ಒಮ್ಮೊಮ್ಮೆ ಹೀಗೇ. ಡೆನ್ಮಾರ್ಕಿನ ಅಲನ್ ಓಡ್‌ಗಾರ್ಡ್ 2004ರಲ್ಲಿ ಮ್ಯಾಕ್ ಕಂಪ್ಯೂಟರಿಗೆ ತಂದ ಟೆಕ್ಸ್ಟ್‌ಮೇಟ್ ಆ ಕಾಲದ ವೆಬ್ ಪ್ರೋಗ್ರಾಮರ್‌ಗಳ ಅಚ್ಚುಮೆಚ್ಚು. ಕೊಂಡವರು ಎರಡನೆಯ ಆವೃತ್ತಿಗಾಗಿ ವರ್ಷಗಟ್ಟಲೆ ಕಾದರು. ಕೊನೆಗೆ 2012ರಲ್ಲಿ ಅದರ ಸೋರ್ಸ್ ಕೋಡ್ ಜಿಪಿಎಲ್ ಅಡಿಯಲ್ಲಿ ಹೊರಬಂತು. ಅಷ್ಟರಲ್ಲಿ ಬಹಳ ಜನ ಸಬ್ಲೈಮ್ ಕಡೆಗೆ ಹೊರಟುಹೋಗಿದ್ದರು.

ಈಗ ವಿಎಸ್ ಕೋಡ್. ಜಗತ್ತಿನ ಪ್ರೋಗ್ರಾಮರ್‌ಗಳಲ್ಲಿ ಬಹುಪಾಲು ಇದನ್ನು ಬಳಸುತ್ತಾರೆ. ಸ್ಟ್ಯಾಕ್ ಓವರ್‌ಫ್ಲೋ ಸಮೀಕ್ಷೆಯಲ್ಲಿ ಉತ್ತರಿಸಿದವರ ಪೈಕಿ ಹತ್ತಿರ ಹತ್ತಿರ ಮುಕ್ಕಾಲು ಪಾಲು. 2015ರ ಏಪ್ರಿಲ್‌ನಲ್ಲಿ ಪರಿಚಯವಾಗಿ, ಅದೇ ನವೆಂಬರಿನಲ್ಲಿ ಎಂಐಟಿ ಪರವಾನಗಿಯಲ್ಲಿ ಸೋರ್ಸ್ ತೆರೆದುಕೊಂಡಿತು. ಇಲ್ಲಿ ಸೂಕ್ಷ್ಮವೊಂದಿದೆ. ತೆರೆದಿರುವುದು ಸೋರ್ಸ್ ಕೋಡ್. ನಾವು ಇಳಿಸಿಕೊಳ್ಳುವ ಸಿದ್ಧ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್‌ನದೇ ಬೇರೆ ಪರವಾನಗಿ. ನಾವಾಗಿ ನಿಲ್ಲಿಸದಿದ್ದರೆ ಅದು ಬಳಕೆಯ ಮಾಹಿತಿಯನ್ನು ಕಂಪನಿಗೆ ಕಳುಹಿಸುತ್ತದೆ. ಸೆಟಿಂಗ್ಸ್‌ನಲ್ಲಿ ಟೆಲಿಮೆಟ್ರಿ ಎಂದು ಹುಡುಕಿ ಅದನ್ನು ಆಫ್ ಮಾಡಬಹುದು, ಮಾಡಿ. ಅದೇ ಸೋರ್ಸಿನಿಂದ ಟೆಲಿಮೆಟ್ರಿ ಇಲ್ಲದಂತೆ ಕಟ್ಟಿದ ವಿಎಸ್‌ಕೋಡಿಯಂ ಕೂಡ ಸಿಗುತ್ತದೆ. ಆದರೆ ಮೈಕ್ರೋಸಾಫ್ಟ್‌ನ ಎಕ್ಸ್‌ಟೆನ್ಶನ್ ಮಳಿಗೆಯನ್ನು ಅವರ ಉತ್ಪನ್ನಗಳಿಂದ ಮಾತ್ರ ಬಳಸಬಹುದೆಂಬ ಷರತ್ತಿದೆ, ಹಾಗಾಗಿ ವಿಎಸ್‌ಕೋಡಿಯಂ ಎಕ್ಲಿಪ್ಸ್ ಪ್ರತಿಷ್ಠಾನದ ಓಪನ್ ವಿಎಸ್ಎಕ್ಸ್ ಮಳಿಗೆಯನ್ನು ನೆಚ್ಚಿದೆ. ಮೈಕ್ರೋಸಾಫ್ಟ್‌ನ ಸಿ ಮತ್ತು ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಶನ್ 2025ರ ಏಪ್ರಿಲ್‌ನಲ್ಲಿ ಇಂಥ ಕವಲು ಎಡಿಟರ್‌ಗಳಲ್ಲಿ ಕೆಲಸ ಮಾಡುವುದನ್ನು ನಿಲ್ಲಿಸಿತು. ಪುಕ್ಕಟೆಯಾಗಿ ಸಿಕ್ಕ ವಸ್ತುವಿನಲ್ಲಿ ಯಾವ ಭಾಗ ನಮ್ಮದು, ಯಾವ ಭಾಗ ಅವರ ಕೈಯಲ್ಲೇ ಉಳಿದಿದೆ ಎಂದು ಬಿಡಿಸಿ ನೋಡುವುದು ಇದಕ್ಕಾಗಿಯೇ.

ಇಷ್ಟು ಹೇಳಿಯೂ, ವಿಎಸ್ ಕೋಡ್ ತಂಡ ಮಾಡಿದ ಒಂದು ಕೆಲಸಕ್ಕೆ ನಾನು ಮನಸಾರೆ ಋಣಿ. ಹಿಂದೆ ದುಡ್ಡಿನ ಎಡಿಟರ್‌ಗಳ ಹೆಚ್ಚುಗಾರಿಕೆ ಇದ್ದದ್ದು ಕೋಡನ್ನು ಅರ್ಥಮಾಡಿಕೊಳ್ಳುವುದರಲ್ಲಿ: ಈ ಹೆಸರು ಎಲ್ಲಿ ಹುಟ್ಟಿತು, ಎಲ್ಲೆಲ್ಲಿ ಬಳಕೆಯಾಗಿದೆ, ಇಲ್ಲಿ ಮುಂದೆ ಏನು ಬರಬಹುದು, ತಪ್ಪು ಎಲ್ಲಿದೆ. ಇದನ್ನು ಪ್ರತಿ ಎಡಿಟರ್‌ನವರೂ ಪ್ರತಿ ಭಾಷೆಗೂ ಬೇರೆಬೇರೆಯಾಗಿ ಬರೆಯಬೇಕಿತ್ತು. ಹತ್ತು ಎಡಿಟರ್, ಇಪ್ಪತ್ತು ಭಾಷೆ ಇದ್ದರೆ 200 ಜೋಡಣೆ. ಸಣ್ಣ ತಂಡಗಳಿಗೆ ಅದು ಆಗದ ಮಾತು. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಕೂಡಿ ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್ ಎಂಬ ಒಪ್ಪಂದವನ್ನು ಮುಂದಿಟ್ಟವು. ಭಾಷೆಯನ್ನು ಬಲ್ಲ ಸರ್ವರ್ ಬೇರೆಯೇ ಒಂದು ಪ್ರೋಗ್ರಾಮ್. ಎಡಿಟರ್ ಅದಕ್ಕೆ ಗೊತ್ತಾದ ರೂಪದಲ್ಲಿ ಪ್ರಶ್ನೆ ಕಳುಹಿಸುತ್ತದೆ, ಅದು ಉತ್ತರ ಕೊಡುತ್ತದೆ. 200 ಜೋಡಣೆಯ ಜಾಗದಲ್ಲಿ 30 ಸಾಕು. ರಸ್ಟ್ ಭಾಷೆಗೆ ಒಮ್ಮೆ ಬರೆದ ಸರ್ವರ್ ವಿಮ್‌ಗೂ ಎಮ್ಯಾಕ್ಸ್‌ಗೂ ಕೇಟ್‌ಗೂ ಸಬ್ಲೈಮ್‌ಗೂ ಒದಗುತ್ತದೆ. ಉಚಿತ ಎಡಿಟರ್‌ಗಳು ದುಡ್ಡಿನವುಗಳಿಗೆ ಇಷ್ಟು ಹತ್ತಿರ ಬಂದದ್ದರಲ್ಲಿ ಈ ಒಪ್ಪಂದದ ಪಾಲು ದೊಡ್ಡದು.

ಹಾಗಾದರೆ ದುಡ್ಡಿಗೆ ಇವತ್ತು ಸಿಗುವುದೇನು? ಸಬ್ಲೈಮ್ ವಿಷಯದಲ್ಲಿ ವೇಗ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜಾನ್ ಸ್ಕಿನ್ನರ್ 2008ರಲ್ಲಿ ಹೊರತಂದ ಈ ಎಡಿಟರ್‌ನ ತಿರುಳು ಸಿ ಪ್ಲಸ್ ಪ್ಲಸ್‌ನಲ್ಲಿದೆ, ಒಡಲಲ್ಲಿ ಬ್ರೌಸರನ್ನು ಹೊತ್ತು ತಿರುಗುವುದಿಲ್ಲ. 4 ಜಿಬಿ ರ‍್ಯಾಮ್ ಇರುವ ಹಳೆಯ ಲ್ಯಾಪ್‌ಟಾಪಿನಲ್ಲಿ, ಅಥವಾ ನೂರಾರು ಎಂಬಿಯ ಲಾಗ್ ಫೈಲ್ ತೆರೆಯುವಾಗ, ಈ ವ್ಯತ್ಯಾಸ ಕೈಗೇ ತಿಳಿಯುತ್ತದೆ. ಅವರ ಕರಾರೂ ನೇರ: ಪರೀಕ್ಷಿಸಿ ನೋಡಲು ದಿನಗಳ ಮಿತಿಯಿಲ್ಲ, ಆಗಾಗ ಕೊಳ್ಳಿರೆಂದು ನೆನಪಿಸುವ ಕಿಟಕಿ ಬರುತ್ತದೆ ಅಷ್ಟೇ, ಕೊಂಡರೆ ಮೂರು ವರ್ಷದ ಅಪ್‌ಡೇಟ್, ಆಮೇಲೆ ಹಣ ಕಟ್ಟದಿದ್ದರೂ ಕೈಯಲ್ಲಿರುವ ಆವೃತ್ತಿ ನಡೆಯುತ್ತಲೇ ಇರುತ್ತದೆ. ಈ ಕೊನೆಯ ಮಾತು ಮುಖ್ಯ. ಪ್ರಾಗ್‌ನಲ್ಲಿ ಹುಟ್ಟಿದ ಜೆಟ್‌ಬ್ರೈನ್ಸ್ 2015ರಲ್ಲಿ ಇಂಟೆಲಿಜೆ ಮುಂತಾದ ತನ್ನ ಕೋಡ್ ಎಡಿಟರ್‌ಗಳನ್ನು ಚಂದಾ ಪದ್ಧತಿಗೆ ಬದಲಿಸಿದಾಗ ಬಳಕೆದಾರರು ಸಿಟ್ಟಾದದ್ದು ಇದೇ ಕಾರಣಕ್ಕೆ: ಚಂದಾ ನಿಂತ ದಿನ ಸಲಕರಣೆಯೂ ನಿಂತರೆ ಹೇಗೆ? ಕಂಪನಿ ಮಣಿಯಿತು. ಒಂದು ವರ್ಷ ಎಡೆಬಿಡದೆ ಹಣ ಕಟ್ಟಿದವರಿಗೆ ಒಂದು ಆವೃತ್ತಿ ಕಾಯಂ ಆಗಿ ಉಳಿಯುವ ಏರ್ಪಾಡು ಮಾಡಿತು. ಚಂದಾದ ತಂತ್ರಾಂಶ ಯಾವುದೇ ಇರಲಿ, ಇಂಥ ಕಲಮು ಇದೆಯೇ ಎಂದು ಓದಿಯೇ ಕೊಳ್ಳಬೇಕು.

ವಿಮ್ ಮೂರನೆಯ ದಾರಿ ಹಿಡಿಯಿತು, ನನಗೆ ಬಹಳ ಗೌರವವಿರುವ ದಾರಿ. ನೆದರ್‌ಲೆಂಡ್ಸ್‌ನ ಬ್ರಾಮ್ ಮೋಲೆನಾರ್ 1991ರಲ್ಲಿ ಹೊರಬಿಟ್ಟ ಈ ಎಡಿಟರ್ ಪೂರ್ತಿ ಉಚಿತ. ಇಷ್ಟವಾದರೆ ಉಗಾಂಡಾದ ಕಿಬಾಲೆಯ ಮಕ್ಕಳಿಗೆ ನೆರವಾಗಿ ಎಂದು ತೆರೆದ ಕೂಡಲೇ ಕೋರುತ್ತಿತ್ತು. 2023ರ ಆಗಸ್ಟ್‌ನಲ್ಲಿ ಬ್ರಾಮ್ ತೀರಿಕೊಂಡರು. ವಿಮ್ ನಿಲ್ಲಲಿಲ್ಲ, ಜೊತೆಗಿದ್ದವರು ವಹಿಸಿಕೊಂಡರು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಪರೀಕ್ಷೆ ಬಾಕಿ ಇದೆ. ಕೋಡ್ ಎಡಿಟರ್‌ಗಳು ಪ್ರತಿ ಅಕ್ಷರಕ್ಕೂ ಸಮನಾದ ಅಗಲ ಎಂದುಕೊಂಡು ಬೆಳೆದು ಬಂದವು. ನಮ್ಮ ‘ಸ್ತ್ರೀ’ ಯುನಿಕೋಡ್‌ನಲ್ಲಿ ಆರು ಸಂಕೇತ, ಪರದೆಯ ಮೇಲೆ ಒಂದೇ ಅಕ್ಷರ. ಟರ್ಮಿನಲ್ ಒಳಗೆ ನಡೆಯುವ ವಿಮ್‌ನಲ್ಲಿ ಒತ್ತಕ್ಷರ ಒಡೆದು ಹರಡುವುದು, ಕರ್ಸರ್ ಒಂದೆಡೆ ಅಕ್ಷರ ಇನ್ನೊಂದೆಡೆ ಬೀಳುವುದು ಸಾಮಾನ್ಯ. ವಿಎಸ್ ಕೋಡ್ ಬ್ರೌಸರಿನ ಎಂಜಿನನ್ನೇ ಬಳಸುವುದರಿಂದ ಕನ್ನಡ ಸರಿಯಾಗಿ ಮೂಡುತ್ತದೆ. ಎಮ್ಯಾಕ್ಸ್ 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಉಚಿತ ಅಕ್ಷರಜೋಡಣೆ ತಂತ್ರಾಂಶದ ನೆರವು ಪಡೆಯುತ್ತಿದೆ. ಕನ್ನಡ ಟೈಪಿಂಗ್‌ ವಿಧಾನವೂ ಅದರೊಳಗೇ ಇದೆ. ಬೆಲೆಗೂ ಇದಕ್ಕೂ ಸಂಬಂಧವಿಲ್ಲ. ಕೊಳ್ಳುವ ಮುನ್ನ ‘ರಾಷ್ಟ್ರೀಯ’, ‘ಸೂರ್ಯ’ ಎಂದು ಟೈಪ್ ಮಾಡಿ, ಬಾಣದ ಕೀಲಿಯಿಂದ ಹಿಂದೆ ಮುಂದೆ ಹೋಗಿ, ಬ್ಯಾಕ್‌ಸ್ಪೇಸ್ ಒತ್ತಿ ನೋಡಿ. ಕನ್ನಡದ ಆ್ಯಪ್, ಕನ್ನಡದ ವೆಬ್‌ಸೈಟ್ ಕಟ್ಟುವವರಿಗೆ ಇದು ದಿನನಿತ್ಯದ ಕಿರಿಕಿರಿಯನ್ನು ತಪ್ಪಿಸುತ್ತದೆ.

ಈಚೆಗೆ ಹಣ ಕೇಳುವ ಜಾಗವೇ ಬದಲಾಗಿದೆ. ಎಡಿಟರ್ ಉಚಿತ, ಅದರೊಳಗಿನ ಎಐ ಸಹಾಯಕ್ಕೆ ತಿಂಗಳ ಚಂದಾ. 2022ರಲ್ಲಿ ಗಿಟ್‌ಹಬ್ ಕೋಪೈಲಟ್ ತಿಂಗಳಿಗೆ 10 ಡಾಲರಿನಂತೆ ಮಾರಾಟಕ್ಕೆ ಬಂತು. ವಿಎಸ್ ಕೋಡ್‌ನ ಸೋರ್ಸ್ ಮೇಲೆಯೇ ಕಟ್ಟಿದ ಕರ್ಸರ್ ಎಂಬ ಎಡಿಟರ್ ನಡೆಯುವುದೂ ಚಂದಾದಿಂದ. ಕಲಿಯುವವರು ಇದಕ್ಕೆ ಹಣ ಹಾಕುವುದು ಬೇಡ ಎನ್ನುತ್ತೇನೆ. ಲೂಪ್ ಬರೆಯುವುದು, ತಪ್ಪು ಹುಡುಕುವುದು ಕೈಗೆ ಹತ್ತುವ ಮೊದಲೇ ಇನ್ನೊಬ್ಬರು ಬರೆದುಕೊಟ್ಟರೆ ಕಲಿಕೆ ಅಲ್ಲೇ ನಿಲ್ಲುತ್ತದೆ.

ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇದು. ವಿಎಸ್ ಕೋಡ್ ಅಥವಾ ವಿಎಸ್‌ಕೋಡಿಯಂನಿಂದ ಶುರುಮಾಡಿ. ಯಂತ್ರ ಹಳೆಯದಾದರೆ ವಿಂಡೋಸ್‌ನಲ್ಲಿ ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಲಿನಕ್ಸ್‌ನಲ್ಲಿ ಜೀನಿ ಅಥವಾ ಕೇಟ್ ಹಗುರವಾಗಿ ಓಡುತ್ತವೆ. ಯಾವುದನ್ನು ಹಿಡಿದರೂ ವಿಐ ಎಂಬ ಎಡಿಟರ್‌ನ ಮೊದಲ ಪಾಠಗಳನ್ನು ಕಲಿಯಿರಿ. ದೂರದ ಲಿನಕ್ಸ್ ಸರ್ವರಿಗೆ ಲಾಗಿನ್ ಆದಾಗ ಸಾಮಾನ್ಯವಾಗಿ ಸಿಗುವುದು ಅದೇ. ಕ್ರ್ಯಾಕ್ ಮಾಡಿದ ಎಡಿಟರ್ ಮಾತ್ರ ಬೇಡ. ನಿಮ್ಮ ಪಾಸ್‌ವರ್ಡ್, ಸರ್ವರಿನ ಕೀಲಿಗಳು ಹಾದುಹೋಗುವ ತಂತ್ರಾಂಶವದು, ಗೊತ್ತಿಲ್ಲದವರು ತಿದ್ದಿದ ಪ್ರತಿಯನ್ನು ಅಲ್ಲಿ ಕೂರಿಸುವುದು ಅಪಾಯ. ಅಷ್ಟಕ್ಕೂ ಜೆಟ್‌ಬ್ರೈನ್ಸ್ ವಿದ್ಯಾರ್ಥಿಗಳಿಗೆ ಉಚಿತ ಪರವಾನಗಿ ಕೊಡುತ್ತದೆ. ಕೆಲಸಕ್ಕೆ ಸೇರಿದ ಮೇಲೆ, ಲಕ್ಷಾಂತರ ಸಾಲಿನ ಜಾವಾ ಕೋಡಿನಲ್ಲಿ ದಿನವಿಡೀ ಓಡಾಡಬೇಕಾದವರಿಗೆ ಇಂಟೆಲಿಜೆಗೆ ಕೊಟ್ಟ ಹಣ ಉಳಿತಾಯವಾದ ಸಮಯದ ರೂಪದಲ್ಲಿ ವಾಪಸಾಗುತ್ತದೆ. ಅದನ್ನು ಕೊಡಿಸಿ ಎಂದು ಕಂಪನಿಯನ್ನು ಕೇಳಲು ಸಂಕೋಚ ಬೇಡ.

ಆಯ್ದುಕೊಂಡ ಮೇಲೆ ನಿಮ್ಮ ಸೆಟಿಂಗ್ಸ್ ಫೈಲನ್ನು ಗಿಟ್‌ನಲ್ಲಿ ಇಟ್ಟುಕೊಳ್ಳಿ. ವಿಮ್, ಎಮ್ಯಾಕ್ಸ್, ವಿಎಸ್ ಕೋಡ್, ಸಬ್ಲೈಮ್ ಎಲ್ಲದರಲ್ಲೂ ಅದು ಸಾದಾ ಪಠ್ಯವೇ, ಹೊಸ ಯಂತ್ರಕ್ಕೆ ನಿಮಿಷಗಳಲ್ಲಿ ಸಾಗಿಸಬಹುದು. ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಎಡಿಟರ್‌ಕಾನ್ಫಿಗ್ ಎಂಬ ಪುಟ್ಟ ಫೈಲ್ ಇಟ್ಟರೆ ಸಾಲಿನ ಆರಂಭದಲ್ಲಿ ಎಷ್ಟು ಜಾಗ ಬಿಡಬೇಕು, ಟ್ಯಾಬ್ ಬಳಸಬೇಕೋ ಸ್ಪೇಸ್ ಬಳಸಬೇಕೋ ಎಂಬುದನ್ನು ಹೆಚ್ಚಿನ ಎಡಿಟರ್‌ಗಳು ತಾವೇ ಓದಿಕೊಳ್ಳುತ್ತವೆ, ಕೆಲವು ನೇರವಾಗಿ, ಕೆಲವು ಎಕ್ಸ್‌ಟೆನ್ಶನ್ ಮೂಲಕ. ಆಗ ತಂಡದಲ್ಲಿ ಒಬ್ಬರು ದುಡ್ಡು ಕೊಟ್ಟದ್ದನ್ನೂ ಇನ್ನೊಬ್ಬರು ಉಚಿತವಾದದ್ದನ್ನೂ ಬಳಸಿ ಒಂದೇ ಕೋಡಿನ ಮೇಲೆ ಕೆಲಸ ಮಾಡಲು ಅಡ್ಡಿಯಿರುವುದಿಲ್ಲ.