ಪ್ರಶ್ನಾರ್ಥಕ ಚಿಹ್ನೆಗಳ ನಡುವೆ ಉಳಿದ 1974

ರಾಜ್ಯೋತ್ಸವಕ್ಕೆ ಎಂಟು ದಿನ ಬಾಕಿ ಇತ್ತು. ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಸಂಜೆಯ ಮೀಟಿಂಗ್ ಮುಗಿಸಿ ಫೋನ್ ನೋಡಿದರೆ ಕಾರ್ಯದರ್ಶಿ ಕಾಕಾ ಅವರ ನಾಲ್ಕು ಮಿಸ್ಡ್ ಕಾಲ್. ವಾಪಸ್ ಮಾಡಿದೆ.

"ಏ ತಮ್ಮಾ, ನಮ್ಮ ಸಂಘದ ವೆಬ್‌ಸೈಟ್ ತೆಗದ್ರ ಏನೂ ಬರವಲ್ದು. ಬರೇ ಬಿಳಿ ಹಾಳಿ, ಅದರಾಗ ಇಂಗ್ಲಿಷ್‌ದಾಗ ಒಂದ ಸಾಲು. ಮಂದಿ ಊಟಕ್ಕ ಹೆಸರು ಬರಸೂದು ಹ್ಯಾಂಗ?"

ಆ ಸಾಲಿನ ಅರ್ಥ, ಜಾಲತಾಣದಲ್ಲಿ ಗಂಭೀರ ದೋಷ ಉಂಟಾಗಿದೆ ಎಂದು. ಕಾರಣವೂ ನನಗೆ ಗೊತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚುವ ಮೊದಲು ನಾನೇ ಒಂದು ಗುಂಡಿ ಒತ್ತಿದ್ದೆ: ಅಪ್‌ಡೇಟ್.

ನಿಮ್ಮ ಊರಿನ ಸಂಘದಲ್ಲೂ ಹೀಗೇ ಇರಬಹುದು. ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುತ್ತಾನೆ ಎಂಬ ಒಂದೇ ಕಾರಣಕ್ಕೆ ಜಾಲತಾಣ ಯಾರೋ ಒಬ್ಬನ ಕೊರಳಿಗೆ ಬೀಳುತ್ತದೆ. ನಾನು ಎಂ.ಟೆಕ್. ಓದಿದ್ದು ಬೇರೆ, ಆಫೀಸಿನಲ್ಲಿ ಮಾಡುವುದು ಬೇರೆ. ವರ್ಡ್‌ಪ್ರೆಸ್ ಕಲಿತದ್ದು ಸಂಘದ ದಾಕ್ಷಿಣ್ಯಕ್ಕೆ. ನನಗಿಂತ ಮೊದಲು ನೋಡಿಕೊಳ್ಳುತ್ತಿದ್ದ ಗೆಳೆಯ ಕೆನಡಾಕ್ಕೆ ಹೋಗುವಾಗ ಪಾಸ್‌ವರ್ಡ್ ಬರೆದ ಚೀಟಿ ಕೊಟ್ಟು, "ಎಲ್ಲಾ ತಾನೇ ನಡೀತೈತಿ ಬಿಡು" ಅಂದಿದ್ದ.

ತಾನೇ ನಡೆಯುವಂತೆ ಮಾಡುವುದೇ ಪ್ಲಗಿನ್‌ಗಳ ಕೆಲಸ. ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ 2003ರಲ್ಲಿ ವರ್ಡ್‌ಪ್ರೆಸ್ ಹೊರತಂದಾಗ ಅದು ಬರಹ ಪ್ರಕಟಿಸುವ ಸಣ್ಣ ತಂತ್ರಾಂಶ. ಮರುವರ್ಷ 1.2 ಆವೃತ್ತಿಯಲ್ಲಿ, ಮೂಲ ಕೋಡ್ ಮುಟ್ಟದೆ ಹೊರಗಿನವರೂ ಹೊಸ ಸೌಲಭ್ಯ ಸೇರಿಸಲು ದಾರಿ ಮಾಡಿಕೊಟ್ಟರು. ಪುಟ ತಯಾರಾಗುವ ಹಾದಿಯಲ್ಲಿ ಅಲ್ಲಲ್ಲಿ ಕೊಕ್ಕೆಗಳಿರುತ್ತವೆ. ಪ್ಲಗಿನ್ ಬರೆದವರು ತಮ್ಮ ಕೋಡನ್ನು ಅಲ್ಲಿಗೆ ನೇತುಹಾಕುತ್ತಾರೆ. ಇದನ್ನೇ ಡ್ರೂಪಲ್‌ನಲ್ಲಿ ಮಾಡ್ಯೂಲ್ ಅನ್ನುತ್ತಾರೆ, ಜೂಮ್ಲಾದಲ್ಲಿ ಎಕ್ಸ್‌ಟೆನ್ಶನ್. ನೋಂದಣಿ ಫಾರ್ಮ್ ಬೇಕೆ, ಫೋಟೊ ಆಲ್ಬಮ್ ಬೇಕೆ, ದೇಣಿಗೆ ಪಡೆಯಲು ಕ್ಯೂಆರ್ ಬೇಕೆ? ಹುಡುಕು, ಇನ್‌ಸ್ಟಾಲ್ ಒತ್ತು, ಆಕ್ಟಿವೇಟ್ ಒತ್ತು. ಚಹಾ ಆರುವುದರೊಳಗೆ ಕೆಲಸ ಆಗಿರುತ್ತದೆ.

ಆ ಸಲೀಸಿನಲ್ಲೇ ಒಂದು ಸಂಗತಿ ಕಣ್ಣು ತಪ್ಪುತ್ತದೆ. ಮೊಬೈಲಿಗೆ ಆ್ಯಪ್ ಹಾಕಿದರೆ ಕ್ಯಾಮೆರಾ ಕೊಡಲೇ, ಸಂಪರ್ಕಗಳ ಪಟ್ಟಿ ಕೊಡಲೇ ಎಂದು ಒಂದೊಂದಕ್ಕೂ ಅನುಮತಿ ಕೇಳುತ್ತದೆ. ವರ್ಡ್‌ಪ್ರೆಸ್ ಪ್ಲಗಿನ್ ಹಾಗೆ ಕೇಳುವುದಿಲ್ಲ. ಹಾಕಿದ ಕ್ಷಣದಿಂದ ಇಡೀ ಡೇಟಾಬೇಸನ್ನು ಓದಬಲ್ಲದು, ತಿದ್ದಬಲ್ಲದು, ಅಳಿಸಬಲ್ಲದು. ಪುಣೆಯ ಹಳೆಯ ವಾಡೆಯಲ್ಲಿ ಒಂದು ಖೋಲಿ ಬಾಡಿಗೆಗೆ ಕೊಟ್ಟು, ದೇವರಮನೆಯಿಂದ ತಿಜೋರಿಯವರೆಗಿನ ಕೀಲಿಗೊಂಚಲನ್ನು ಬಾಡಿಗೆದಾರನ ಕೈಗಿಟ್ಟಂತೆ. ಇಂದು ಒಳ್ಳೆಯವನಿದ್ದ ಬಾಡಿಗೆದಾರ ನಾಳೆ ಬದಲಾಗಲೂಬಹುದು. 2017ರಲ್ಲಿ 2 ಲಕ್ಷಕ್ಕೂ ಹೆಚ್ಚು ಜಾಲತಾಣಗಳಲ್ಲಿದ್ದ ಒಂದು ಪ್ಲಗಿನ್ ಕೈ ಬದಲಾಯಿತು. ಕೊಂಡವರು ಅಪ್‌ಡೇಟ್ ಹೆಸರಿನಲ್ಲಿ ಹಿಂಬಾಗಿಲು ಕೊರೆದರು. ಗೊತ್ತಾದ ಮೇಲೆ ಅಧಿಕೃತ ಸಂಗ್ರಹದಿಂದ ಅದನ್ನು ತೆಗೆದುಹಾಕಿದರು.

ನಮ್ಮಲ್ಲಿ ಆದದ್ದು ಅಂಥ ದ್ರೋಹವಲ್ಲ, ಬರೀ ಡಿಕ್ಕಿ. ದೇಣಿಗೆಯ ಪ್ಲಗಿನ್ ಮತ್ತು ಹೊಸದಾಗಿ ಅಪ್‌ಡೇಟ್ ಆದ ನೋಂದಣಿಯ ಪ್ಲಗಿನ್ ಎರಡರಲ್ಲೂ ಒಂದೇ ಹೆಸರಿನ ಫಂಕ್ಷನ್ ಇತ್ತು. ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಇಬ್ಬರು ಮಂಜುನಾಥರಿದ್ದರೆ ಮಾಸ್ತರರು ಹೇಗೋ ನಿಭಾಯಿಸುತ್ತಾರೆ. ಪಿಎಚ್‌ಪಿ ಭಾಷೆಗೆ ಆ ತಾಳ್ಮೆ ಇಲ್ಲ, ಅಲ್ಲೇ ನಿಂತುಬಿಡುತ್ತದೆ.

ಇಂಥ ಗಳಿಗೆಗೆಂದೇ 2019ರ 5.2 ಆವೃತ್ತಿಯಿಂದ ವರ್ಡ್‌ಪ್ರೆಸ್‌ನಲ್ಲಿ ಒಂದು ವ್ಯವಸ್ಥೆ ಇದೆ. ಜಾಲತಾಣ ಬಿದ್ದರೆ, ಯಾವ ಪ್ಲಗಿನ್ ಕಾರಣ ಎಂದು ತಿಳಿಸಿ, ಒಳಹೋಗಿ ಸರಿಪಡಿಸಲು ಒಂದು ಲಿಂಕ್ ಸಮೇತ ನಿರ್ವಾಹಕರಿಗೆ ಇಮೇಲ್ ಕಳಿಸುತ್ತದೆ. ನಮಗೂ ಕಳಿಸಿತ್ತು. ಆದರೆ ನಿರ್ವಾಹಕರ ಇಮೇಲ್ ಎಂದು ಅಲ್ಲಿದ್ದದ್ದು ಕೆನಡಾದ ಗೆಳೆಯನದು. ಅಲ್ಲಿನ್ನೂ ಬೆಳಗಿನ ಜಾವ, ಅವನು ಮಲಗಿದ್ದ.

ಆಗ ನಾನು ಮಾಡಬೇಕಾಗಿದ್ದದ್ದು ಎರಡೇ ನಿಮಿಷದ ಕೆಲಸ. ಸರ್ವರ್‌ನ ಫೈಲ್ ಮ್ಯಾನೇಜರ್ ತೆಗೆದು, ಪ್ಲಗಿನ್ಸ್ ಫೋಲ್ಡರ್‌ನಲ್ಲಿ ತಪ್ಪು ಮಾಡಿದ ಪ್ಲಗಿನ್ ಫೋಲ್ಡರ್ ಹೆಸರಿನ ಮುಂದೆ ಒಂದು ಅಕ್ಷರ ಸೇರಿಸಿದ್ದರೆ ಸಾಕಿತ್ತು. ಹಳೆಯ ಹೆಸರು ಸಿಗದೆ ವರ್ಡ್‌ಪ್ರೆಸ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ, ಮಾಹಿತಿ ಇದ್ದಲ್ಲೇ ಇರುತ್ತದೆ. ಯಾವುದು ಎಂದು ತಿಳಿಯದಿದ್ದರೆ ಇಡೀ ಪ್ಲಗಿನ್ಸ್ ಫೋಲ್ಡರ್ ಹೆಸರನ್ನೇ ಬದಲಿಸಬಹುದು. ಇದು ನನಗೆ ಗೊತ್ತಿತ್ತು. ಆದರೂ ಕಾಕಾ ಅವರ ಐದನೇ ಕಾಲ್ ಬಂದಾಗ ಗಾಬರಿಯಲ್ಲಿ ಬೇರೆ ಗುಂಡಿ ಒತ್ತಿದೆ. ಗೆಳೆಯ ಹಾಕಿಟ್ಟಿದ್ದ ಬ್ಯಾಕಪ್ ಪ್ಲಗಿನ್‌ನಿಂದ ತೆಗೆದ ಕಳೆದ ರಾತ್ರಿಯ ಪ್ರತಿಯನ್ನು, ಇದ್ದುದರ ಮೇಲೆಯೇ ಮರಳಿ ಹಾಕಿಬಿಟ್ಟೆ.

ಜಾಲತಾಣ ಎದ್ದಿತು. ಚಿತ್ರಗಳಿದ್ದವು, ಬಣ್ಣಗಳಿದ್ದವು, ಇಂಗ್ಲಿಷ್ ಇತ್ತು. ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು.

ಆ ಪ್ಲಗಿನ್ ಡೇಟಾಬೇಸನ್ನು ಹೊರತೆಗೆಯುವಾಗ ಪಶ್ಚಿಮ ಯುರೋಪಿನ ಲಿಪಿಗಳಿಗೆಂದು ಮಾಡಿದ ಹಳೆಯ ಅಕ್ಷರ ಸಂಕೇತವನ್ನು ಬಳಸುತ್ತಿತ್ತು. ಅದರಲ್ಲಿ ಕನ್ನಡಕ್ಕೆ ಜಾಗವಿಲ್ಲ. ಜಾಗವಿಲ್ಲದ ಪ್ರತಿ ಅಕ್ಷರಕ್ಕೂ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು ಮುಂದೆ ಹೋಗಿತ್ತು. 'ಧಾರವಾಡ' ಎಂದರೆ ಆರು ಚಿಹ್ನೆ, ದೀರ್ಘಕ್ಕೂ ಒಂದೊಂದು ಲೆಕ್ಕ. ತಪ್ಪು ಫಾಂಟ್‌ನಿಂದ ಕಂಗೆಟ್ಟ ಬರಹವನ್ನು ತಿರುಗಿ ಓದಿಸಬಹುದು. ನುಡಿ, ಬರಹದ ಕಾಲದಿಂದ ನಮಗೆ ಅದು ರೂಢಿ. ಇದು ಹಾಗಲ್ಲ. ಅಕ್ಷರವೇ ಹೋಗಿತ್ತು. ಅಂದರೆ ಎರಡು ವರ್ಷ ಪ್ರತಿ ರಾತ್ರಿ ತಪ್ಪದೆ ಬ್ಯಾಕಪ್ ಆಗಿದ್ದು ಪ್ರಶ್ನಾರ್ಥಕ ಚಿಹ್ನೆಗಳು. ಒಮ್ಮೆಯೂ ತೆರೆದು ನೋಡದ ನಾನು, ಹಸಿರು ಟಿಕ್ ಗುರುತು ಕಂಡರೆ ಸಾಕು ಅಂದುಕೊಂಡಿದ್ದೆ.

ಹೋದದ್ದು ಊಟದ ಪಟ್ಟಿಯಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಸಂಘದ ಹಿರಿಯರು ತಾವು ಪುಣೆಗೆ ಬಂದ ಕಥೆಗಳನ್ನು ಅಲ್ಲಿ ಬರೆಯುತ್ತಿದ್ದರು. ಖಡ್ಕಿಯ ಕಾರ್ಖಾನೆ, ಪಿಂಪ್ರಿಯ ಮೊದಲ ಬಾಡಿಗೆ ಮನೆ, ಜೋಳದ ಹಿಟ್ಟಿಗಾಗಿ ಅಲೆದದ್ದು, ಹೀಗೆ 60ಕ್ಕೂ ಹೆಚ್ಚು ಬರಹಗಳು. ಒಂದು ಪುಟ ತೆರೆದೆ. ಸಾಲುಗಳಿದ್ದವು, ಪೂರ್ಣವಿರಾಮಗಳಿದ್ದವು, ನಡುವೆ ಅಂಕಿಗಳು ಮಾತ್ರ ಉಳಿದಿದ್ದವು: 1974. ಮತ್ತೆ ಚಿಹ್ನೆಗಳು. 1981. ಬರೆದವರಲ್ಲಿ ಮೂವರು ಈಗಿಲ್ಲ.

ಆ ರಾತ್ರಿ ಹೋಸ್ಟಿಂಗ್ ಕಂಪನಿಗೆ ಎಷ್ಟು ಸಲ ಕರೆ ಮಾಡಿದೆನೋ. ಅವರು ತಮ್ಮ ಸರ್ವರ್‌ಗಾಗಿ ವಾರಕ್ಕೊಮ್ಮೆ ಇಡುವ ಪ್ರತಿ ಸಿಕ್ಕಿತು, ಭಾನುವಾರ ರಾತ್ರಿಯದು. ಅದರಲ್ಲಿ ಕನ್ನಡ ಕನ್ನಡವಾಗಿಯೇ ಇತ್ತು. ಭಾನುವಾರದ ನಂತರದ ನೋಂದಣಿಗಳನ್ನು ಕಾಕಾ ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಬರೆದುಕೊಂಡರು. ನನಗೆ ಒಂದು ಮಾತೂ ಅನ್ನಲಿಲ್ಲ, ಅಂದಿದ್ದರೆ ಹಗುರಾಗುತ್ತಿತ್ತು.

ಈಗ ನಮ್ಮ ಜಾಲತಾಣದಲ್ಲಿ 23ರ ಬದಲು 9 ಪ್ಲಗಿನ್‌ಗಳಿವೆ. ಫೋಟೊ ಜಾರಿಸಲು ಎರಡು, ಬಂದವರ ಲೆಕ್ಕ ತೋರಿಸಲು ಒಂದು, ಯಾಕೆ ಇವೆಯೆಂದೇ ತಿಳಿಯದವು ನಾಲ್ಕು, ಎಲ್ಲ ತೆಗೆದೆ. ನಿಷ್ಕ್ರಿಯಗೊಳಿಸಿ ಬಿಟ್ಟರೆ ಸಾಲದು, ಕೋಡ್ ಸರ್ವರ್‌ನಲ್ಲೇ ಇರುತ್ತದೆ, ಅಳಿಸಲೇಬೇಕು. ಹೊಸದು ಹಾಕುವ ಮೊದಲು ಕೊನೆಯ ಅಪ್‌ಡೇಟ್ ಯಾವಾಗ, ವರ್ಡ್‌ಪ್ರೆಸ್‌ನ ಯಾವ ಆವೃತ್ತಿವರೆಗೆ ಪರೀಕ್ಷಿಸಿದ್ದಾರೆ, ಬಳಕೆದಾರರ ದೂರಿಗೆ ಉತ್ತರ ಕೊಟ್ಟಿದ್ದಾರೆಯೇ ನೋಡುತ್ತೇನೆ. ದುಡ್ಡು ಕೊಟ್ಟು ಕೊಳ್ಳಬೇಕಾದ ಪ್ಲಗಿನ್ ಎಲ್ಲೋ ಪುಕ್ಕಟೆ ಸಿಗುತ್ತದೆಂದು ಯಾರಾದರೂ ಕಳಿಸಿದರೆ ಮುಟ್ಟುವುದಿಲ್ಲ. ಯಾವ ಅಪ್‌ಡೇಟ್ ಆದರೂ ಮೊದಲು ಜಾಲತಾಣದ ನಕಲಿನ ಮೇಲೆ, ಅದೂ ಹಬ್ಬದ ವಾರದಲ್ಲಿ ಅಲ್ಲ. ತಿಂಗಳ ಮೊದಲ ಶನಿವಾರ ಬ್ಯಾಕಪ್ಪನ್ನು ನನ್ನ ಲ್ಯಾಪ್‌ಟಾಪಿನಲ್ಲಿ ಮರಳಿ ಹಾಕಿ, ಒಂದು ಪುಟ ತೆರೆದು ಒತ್ತಕ್ಷರಗಳು ಸರಿಯಾಗಿವೆಯೇ ಎಂದು ಓದುತ್ತೇನೆ. ನಿರ್ವಾಹಕರ ಇಮೇಲ್ ಈಗ ಸಂಘದ್ದು, ಮೂವರು ಅದನ್ನು ನೋಡುತ್ತಾರೆ.

ಭಾನುವಾರದ ನಂತರ ಎರಡು ಹೊಸ ಬರಹಗಳು ಬಂದಿದ್ದವು. ಒಂದನ್ನು ಬರೆದವರು ವಾಟ್ಸ್‌ಆ್ಯಪ್‌ನಲ್ಲೂ ಕಳಿಸಿದ್ದರು, ಸಿಕ್ಕಿತು. ಇನ್ನೊಂದು, 1974ರಲ್ಲಿ ಮದುವೆಯಾಗಿ ಹುಬ್ಬಳ್ಳಿಯಿಂದ ಬಂದ ಅಜ್ಜಿಯದು. ಗೇಜ್ ಬೇರೆಯಾದ್ದರಿಂದ ಮೀರಜ್‌ನಲ್ಲಿ ಇಳಿದು ಗಾಡಿ ಬದಲಿಸಬೇಕಾಗಿದ್ದ ಕಾಲ. ಮೊಮ್ಮಗಳ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ, ನೇರ ಜಾಲತಾಣದ ಫಾರ್ಮ್‌ನಲ್ಲೇ ಬರೆದಿದ್ದರು. ಮತ್ತೆಲ್ಲೂ ಪ್ರತಿ ಇರಲಿಲ್ಲ.

ಮನೆಗೆ ಹೋಗಿ ಹೇಳಿದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಮತ್ತ ಬರೀಬೇಕೇನು? ಬರೀತೀನಿ ತಗೋ. ಮೀರಜ್ ಸ್ಟೇಶನ್‌ದಾಗ ನಾ ಅತ್ತಿದ್ದು ಹೋದ ಸಲ ಬರದಿರಲಿಲ್ಲ."

ಈ ಸಲ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದರು. ನಾನು ಪಕ್ಕದಲ್ಲಿ ಕೂತು ಟೈಪ್ ಮಾಡಿದೆ. ಸ್ಕ್ಯಾನ್ ಮಾಡಿಸಿಡಲು ನೋಟ್‌ಬುಕ್ ಒಯ್ಯಲೇ ಎಂದು ಕೇಳಿದರೆ, "ಬ್ಯಾಡ, ಅದು ನನ್ನ ಕಡೇನ ಇರಲಿ" ಎಂದು ಒಳಗೆ ಒಯ್ದು ಟ್ರಂಕಿನಲ್ಲಿಟ್ಟರು.